ಮಲ್ಟಿ ಎಫೆಕ್ಟ್ಸ್ ಪೆಡಲ್‌ನಿಂದ ಒಳ್ಳೆಯ ಗಿಟಾರ್ ಧ್ವನಿ ತೆಗೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಗಿಟಾರಿನ ಧ್ವನಿ ಬದಲಿಸುವ ಹಲವು ಎಫೆಕ್ಟುಗಳನ್ನು ಒಂದೇ ಡಬ್ಬಿಯಲ್ಲಿ ತುಂಬಿದ ಹೊಸ ಮಲ್ಟಿ ಎಫೆಕ್ಟ್ಸ್ ಪೆಡಲ್ ಕೈಗೆ ಬಂದ ಮೊದಲ ಸಂಜೆ ಎಲ್ಲರೂ ಮಾಡುವ ಕೆಲಸ ಒಂದೇ. ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಂಪನಿಯವರು ತುಂಬಿ ಕಳಿಸಿದ ನೂರಿನ್ನೂರು ಸಿದ್ಧ ಧ್ವನಿಗಳನ್ನು, ಅಂದರೆ ಪ್ರೀಸೆಟ್‌ಗಳನ್ನು ಒಂದಾದ ಮೇಲೊಂದು ಒತ್ತುತ್ತಾ ಹೋಗುವುದು. ಒಂದರಲ್ಲಿ ಗಿಟಾರ್ ಗುಹೆಯೊಳಗಿಂದ ಕೇಳಿಸುತ್ತದೆ, ಇನ್ನೊಂದರಲ್ಲಿ ಗರಗಸ ಎಳೆದ ಹಾಗೆ. ಖುಷಿಯೋ ಖುಷಿ. ವಾರ ಬಿಟ್ಟು ಬ್ಯಾಂಡಿನವರ ಜೊತೆ ಕೂತಾಗ ಅದೇ ಧ್ವನಿ ಡ್ರಮ್ಸ್ ಹಿಂದೆ ಎಲ್ಲೋ ಕರಗಿಹೋಗಿರುತ್ತದೆ. ಆಗ ಬರುವ ತೀರ್ಪು: "ಡಿಜಿಟಲ್ ಅಂದ್ರೆ ಇಷ್ಟೇ ಕಣಯ್ಯಾ." ಕುಣಿಯಲಾರದವರಿಗೆ ನೆಲ ಡೊಂಕು.

ನಾನೂ ಹಾಗೆ ನೆಲವನ್ನು ಬೈದವನೇ. ಎರಡು ಪೆಡಲ್ ಬದಲಾಯಿಸಿದ ಮೇಲೆ ತಿಳಿದ ಸಂಗತಿ ಏನೆಂದರೆ, ಧ್ವನಿ ಕೆಡುವುದು ಹೆಚ್ಚಾಗಿ ಎಫೆಕ್ಟುಗಳ ಒಳಗಲ್ಲ, ಎರಡು ತುದಿಗಳಲ್ಲಿ. ಗಿಟಾರಿನ ಸಿಗ್ನಲ್ ಪೆಡಲಿಗೆ ಹೇಗೆ ಒಳಬರುತ್ತದೆ, ಹೊರಬಂದು ಯಾವುದಕ್ಕೆ ಹೋಗುತ್ತದೆ ಎಂಬುದು ಸರಿಯಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಹಾಗಾಗಿ ಈ ಮಾರ್ಗದರ್ಶಿಯ ಮೊದಲ ಕೆಲವು ಹಂತಗಳಲ್ಲಿ ನಾವು ಒಂದು ಎಫೆಕ್ಟನ್ನೂ ಮುಟ್ಟುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಹಂತ 1: ಕರೆಂಟು ಮತ್ತು ಕೇಬಲ್

ಅಡಾಪ್ಟರ್‌ನಲ್ಲಿ ಮೂರು ವಿಷಯ ಹೊಂದಬೇಕು: ವೋಲ್ಟೇಜ್, ಪೋಲಾರಿಟಿ, ಆಂಪಿಯರ್. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ ಕೇಳುತ್ತವೆ, ಪಿನ್ನಿನ ನಡುವೆ ನೆಗೆಟಿವ್. ಬೇರೆ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಇರುವುದು ಪಾಸಿಟಿವ್. ತೂತಿಗೆ ಹೊಂದಿತು ಎಂದು ಸಿಕ್ಕಿದ್ದನ್ನು ಚುಚ್ಚಿದರೆ ಪೆಡಲ್ ಸುಟ್ಟುಹೋಗಬಹುದು. ದೊಡ್ಡ ಯಂತ್ರಗಳಲ್ಲಿ ಕೆಲವು 12 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬೇಡುತ್ತವೆ, ಆದ್ದರಿಂದ ಪೆಡಲ್ ಹಿಂದೆ ಅಚ್ಚಾಗಿರುವುದನ್ನೇ ನಂಬಿ. ಆಂಪಿಯರ್ ಮಾತ್ರ ಹೆಚ್ಚಿದ್ದರೆ ತೊಂದರೆಯಿಲ್ಲ. 500 ಮಿಲಿಆಂಪಿಯರ್ ಬೇಕಾದ ಪೆಡಲಿಗೆ 1000 ಕೊಡಬಲ್ಲ ಅಡಾಪ್ಟರ್ ಧಾರಾಳವಾಗಿ ಹಾಕಬಹುದು, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಾದರೆ ಅದು ಆನ್ ಆಗುವುದೇ ಇಲ್ಲ, ಅಥವಾ ಹಾಡಿನ ನಡುವೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ.

ಗಿಟಾರಿನಿಂದ ಪೆಡಲಿಗೆ ಬರುವ ಕೇಬಲ್ ಆದಷ್ಟು ಗಿಡ್ಡ ಇರಲಿ, ಹೆಚ್ಚೆಂದರೆ 5 ಅಥವಾ 6 ಮೀಟರ್. ಗಿಟಾರಿನ ಪಿಕಪ್‌ನಿಂದ ಬರುವುದು ದುರ್ಬಲ ಸಿಗ್ನಲ್. ಉದ್ದದ ಕೇಬಲ್ ಅದರ ಟ್ರೆಬಲ್ಲನ್ನು ನುಂಗುತ್ತದೆ. ಪೆಡಲ್ ದಾಟಿದ ಮೇಲೆ ಈ ಸಮಸ್ಯೆ ಬಹಳ ಕಡಿಮೆ. ಬೇರೆ ಸಣ್ಣ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ನಿಂದ ಕವಲು ತೆಗೆದು ಕೊಟ್ಟಾಗ ಸಣ್ಣಗೆ 'ಕುಂಯ್' ಎನ್ನುವ ಸದ್ದು ಬಂದರೆ, ಮಲ್ಟಿ ಎಫೆಕ್ಟ್ಸ್‌ಗೆ ಬೇರೆಯದೇ ಅಡಾಪ್ಟರ್ ಕೊಟ್ಟುಬಿಡಿ.

ಹಂತ 2: ಧ್ವನಿ ಹೋಗಿ ಸೇರುವ ಜಾಗ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಗಿಟಾರ್ ಆಂಪಿನ ಸ್ಪೀಕರ್ ಮಾಮೂಲಿ ಸ್ಪೀಕರ್ ಅಲ್ಲ. 12 ಇಂಚಿನ ಆ ಕಾಗದದ ಕೋನ್ ಸುಮಾರು 5 ಕಿಲೋಹರ್ಟ್ಜ್ ದಾಟಿದ ಮೇಲೆ ಕೈಚೆಲ್ಲುತ್ತದೆ. ನಮಗೆ ಇಷ್ಟವಾಗುವ ಡಿಸ್ಟಾರ್ಷನ್, ಅಂದರೆ ಒಡೆದ ಧ್ವನಿಯ ಗುಟ್ಟೇ ಆ ಕೈಚೆಲ್ಲುವಿಕೆ. ಹೆಡ್‌ಫೋನ್, ಸ್ಟುಡಿಯೋ ಮಾನಿಟರ್, ವೇದಿಕೆಯ ಪಿಎ ಸ್ಪೀಕರ್‌ಗಳು ಹಾಗಲ್ಲ. ಅವು 15, 20 ಕಿಲೋಹರ್ಟ್ಜ್‌ವರೆಗೂ ಎಲ್ಲವನ್ನೂ ಬಿಚ್ಚಿ ಹೇಳುತ್ತವೆ. ಕ್ಯಾಬಿನೆಟ್ ಅನುಕರಣೆ ಇಲ್ಲದೆ ಡಿಸ್ಟಾರ್ಷನ್ ಅನ್ನು ಅವುಗಳಲ್ಲಿ ಕೇಳಿದರೆ ಡಬ್ಬದಲ್ಲಿ ಜೇನುನೊಣ ಸಿಕ್ಕಿಕೊಂಡಂತೆ ಇರುತ್ತದೆ.

ಅದಕ್ಕೇ ಮಲ್ಟಿ ಎಫೆಕ್ಟ್ಸ್‌ಗಳಲ್ಲಿ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ 'ಕ್ಯಾಬ್' ಎಂಬ ಬ್ಲಾಕ್ (ಸರಣಿಯ ಒಂದು ಘಟಕ) ಇರುವುದು. ಆಂಪನ್ನು ಅನುಕರಿಸುವ ಬ್ಲಾಕ್ 'ಆಂಪ್ ಮಾಡೆಲ್'. ನಿಯಮ ಸರಳ:

ಹೆಡ್‌ಫೋನ್, ಪಿಎ, ಮಿಕ್ಸರ್, ಕಂಪ್ಯೂಟರ್, ಫುಲ್ ರೇಂಜ್ ಸ್ಪೀಕರ್: ಆಂಪ್ ಮಾಡೆಲ್ ಆನ್, ಕ್ಯಾಬ್ ಆನ್.

ಗಿಟಾರ್ ಆಂಪಿನ ಹಿಂಬದಿಯ ಎಫೆಕ್ಟ್ಸ್ ರಿಟರ್ನ್: ಆಂಪ್ ಮಾಡೆಲ್ ಆನ್, ಕ್ಯಾಬ್ ಆಫ್.

ಗಿಟಾರ್ ಆಂಪಿನ ಮುಂಬದಿಯ ಮಾಮೂಲಿ ಇನ್‌ಪುಟ್: ಎರಡೂ ಆಫ್. ಡ್ರೈವ್ (ಧ್ವನಿ ಒಡೆಯುವುದು), ಡಿಲೇ (ಪ್ರತಿಧ್ವನಿ) ಮುಂತಾದ ಎಫೆಕ್ಟುಗಳಷ್ಟೇ ಸಾಕು.

ನನ್ನ ಮೊದಲ ಕಾರ್ಯಕ್ರಮದಲ್ಲಿ ಆಂಪ್ ಮಾಡೆಲನ್ನೂ ಕ್ಯಾಬನ್ನೂ ಆನ್ ಇಟ್ಟುಕೊಂಡೇ ಆಂಪಿನ ಮುಂದಿನ ತೂತಿಗೆ ಚುಚ್ಚಿದ್ದೆ. ಅಂದರೆ ಆಂಪಿನೊಳಗೊಂದು ಆಂಪು, ಸ್ಪೀಕರಿನೊಳಗೊಂದು ಸ್ಪೀಕರು. ಗಿಟಾರ್ ಕಂಬಳಿ ಹೊದ್ದುಕೊಂಡು ನುಡಿದಂತಿತ್ತು. ಟ್ರೆಬಲ್ ಏರಿಸಿದೆ, ಗೇನ್ (ಧ್ವನಿ ಎಷ್ಟು ಒಡೆಯಬೇಕು ಎಂಬ ಅಳತೆ) ಏರಿಸಿದೆ, ಕೊನೆಗೆ ತಂತಿ ಹಳೆಯದಾಯಿತೇನೋ ಎಂದುಕೊಂಡೆ. ಒಂದು ಸ್ವಿಚ್ ಒತ್ತಿದ್ದರೆ ಮುಗಿಯುತ್ತಿತ್ತು.

ಬಹಳಷ್ಟು ಪೆಡಲ್‌ಗಳ ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿ 'ಔಟ್‌ಪುಟ್ ಮೋಡ್' ಅಥವಾ 'ಔಟ್‌ಪುಟ್ ಸೆಲೆಕ್ಟ್' ಎಂಬ ಆಯ್ಕೆ ಇರುತ್ತದೆ. ಅಲ್ಲಿ ನಿಮ್ಮ ಪರಿಸ್ಥಿತಿಯನ್ನು ಒಮ್ಮೆ ಹೇಳಿಬಿಟ್ಟರೆ ನೀವು ಜೋಡಿಸಿ ಉಳಿಸಿಟ್ಟ ಎಲ್ಲ ಧ್ವನಿಗಳಿಗೂ, ಅಂದರೆ ಪ್ಯಾಚ್‌ಗಳಿಗೂ ಅನ್ವಯವಾಗುತ್ತದೆ, ಒಂದೊಂದರಲ್ಲೂ ಹೋಗಿ ಕ್ಯಾಬ್ ಆರಿಸಬೇಕಿಲ್ಲ. ಅಲ್ಲೇ ಪಕ್ಕದಲ್ಲಿ 'ಇನ್‌ಸ್ಟ್ರುಮೆಂಟ್' ಮತ್ತು 'ಲೈನ್' ಎಂಬ ಲೆವೆಲ್ ಆಯ್ಕೆ ಇದ್ದರೆ, ಆಂಪಿನ ಮುಂದಿನ ಇನ್‌ಪುಟ್‌ಗೆ ಇನ್‌ಸ್ಟ್ರುಮೆಂಟ್, ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಲೈನ್. ಸ್ಟೀರಿಯೋ ಎರಡು ತೂತುಗಳಿದ್ದು ನಿಮ್ಮದು ಒಂದೇ ಕೇಬಲ್ ಆಗಿದ್ದರೆ, 'ಮೋನೋ' ಎಂದು ಬರೆದಿರುವ ತೂತಿಗೇ ಹಾಕಿ. ಅದು ಸಾಮಾನ್ಯವಾಗಿ ಎಡಗಡೆಯದು. ಇನ್ನೊಂದಕ್ಕೆ ಹಾಕಿದರೆ ಪಿಂಗ್‌ಪಾಂಗ್ ಡಿಲೇಯಲ್ಲಿ ಅರ್ಧ ಪ್ರತಿಧ್ವನಿಗಳು ಕಾಣೆಯಾಗುತ್ತವೆ, ಕಾರಣ ಹೊಳೆಯುವುದೇ ಇಲ್ಲ.

ಎಕ್ಸ್‌ಎಲ್‌ಆರ್ ಔಟ್‌ಪುಟ್‌ನಿಂದ ನೇರ ಮಿಕ್ಸರ್‌ಗೆ ಕೊಡುವಾಗ ಎರಡು ಎಚ್ಚರಿಕೆ. ಆ ಚಾನೆಲ್‌ನಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ ಆಫ್ ಇದೆಯೇ ಎಂದು ಸೌಂಡ್ ನೋಡಿಕೊಳ್ಳುವವರನ್ನು ಕೇಳಿ, ಎಲ್ಲ ಪೆಡಲ್‌ಗಳೂ ಅದನ್ನು ತಾಳಿಕೊಳ್ಳುವುದಿಲ್ಲ. 'ಹೂಂ' ಎಂಬ ಸದ್ದು ಬಂದರೆ ಪೆಡಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಅಡಾಪ್ಟರ್‌ನ ಅರ್ತ್ ಪಿನ್ ಮುರಿದು ಆ ಸದ್ದು ನಿಲ್ಲಿಸುವವರನ್ನು ಕಂಡಿದ್ದೇನೆ. ಅದು ಜೀವಕ್ಕೆ ಅಪಾಯ, ದಯವಿಟ್ಟು ಬೇಡ.

ನಾಲ್ಕು ಕೇಬಲ್ ವಿಧಾನ

ನಿಮ್ಮ ಆಂಪಿನ ಸ್ವಂತ ಡಿಸ್ಟಾರ್ಷನ್ ನಿಮಗೆ ಇಷ್ಟ, ಆದರೆ ಡಿಲೇ ಮತ್ತು ರಿವರ್ಬ್ (ಕೋಣೆಯೊಳಗಿನ ಗುಂಗು) ಪೆಡಲಿನದೇ ಬೇಕು ಎಂದುಕೊಳ್ಳಿ. ಆಂಪಿಗೂ ಪೆಡಲಿಗೂ ಸೆಂಡ್ (ಸಿಗ್ನಲ್ ಹೊರಹೋಗುವ ತೂತು), ರಿಟರ್ನ್ (ವಾಪಸ್ ಬರುವ ತೂತು) ಎರಡೂ ಇದ್ದರೆ ಹೀಗೆ ಜೋಡಿಸಿ: ಗಿಟಾರ್‌ನಿಂದ ಪೆಡಲಿನ ಇನ್‌ಪುಟ್‌ಗೆ, ಪೆಡಲಿನ ಸೆಂಡ್‌ನಿಂದ ಆಂಪಿನ ಮುಂದಿನ ಇನ್‌ಪುಟ್‌ಗೆ, ಆಂಪಿನ ಸೆಂಡ್‌ನಿಂದ ಪೆಡಲಿನ ರಿಟರ್ನ್‌ಗೆ, ಪೆಡಲಿನ ಔಟ್‌ಪುಟ್‌ನಿಂದ ಆಂಪಿನ ರಿಟರ್ನ್‌ಗೆ. ಪ್ಯಾಚ್ ಒಳಗೆ 'ಎಫ್‌ಎಕ್ಸ್ ಲೂಪ್' ಬ್ಲಾಕ್ ಎಲ್ಲಿ ಇಡುತ್ತೀರೋ ಅಲ್ಲಿ ನಿಮ್ಮ ಆಂಪಿನ ಪ್ರೀಆಂಪ್ (ಧ್ವನಿಗೆ ಗುಣ ಕೊಡುವ ಮೊದಲ ಭಾಗ) ಕೂತಿದೆ ಎಂದು ತಿಳಿಯಿರಿ. ಅದಕ್ಕಿಂತ ಮೊದಲು 'ವಾ ವಾ' ಎನ್ನಿಸುವ ವಾ ಎಫೆಕ್ಟ್, ಡ್ರೈವ್. ಅದರ ನಂತರ ಡಿಲೇ, ರಿವರ್ಬ್. ಕೇಬಲ್‌ಗಳ ಗೋಜಲು ಜಾಸ್ತಿಯೇ, ಒಪ್ಪುತ್ತೇನೆ. ಒಳ್ಳೆಯ ವಾಲ್ವ್ ಆಂಪ್ ಇದ್ದವರಿಗೆ ಮಾತ್ರ ಅಷ್ಟು ಕಷ್ಟ ಸಾರ್ಥಕ.

ಹಂತ 3: ಒಳಬರುವ ಸಿಗ್ನಲ್

ಗಿಟಾರಿನ ವಾಲ್ಯೂಮ್ ಪೂರ್ತಿ ತೆರೆದು ನಿಮ್ಮ ಕೈಲಾದಷ್ಟು ಜೋರಾಗಿ ಒಂದು ಕಾರ್ಡ್ ಬಾರಿಸಿ. ಎಲ್ಲ ಬ್ಲಾಕ್‌ಗಳೂ ಆಫ್ ಇರಲಿ. ಇನ್‌ಪುಟ್ ಮೀಟರ್ ಕೆಂಪಿಗೆ ಹೋದರೆ ಇನ್‌ಪುಟ್ ಲೆವೆಲ್ ಇಳಿಸಿ ಅಥವಾ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಆನ್ ಮಾಡಿ. ಡಿಜಿಟಲ್ ಯಂತ್ರದಲ್ಲಿ ಒಳಬರುವಾಗಲೇ ತಲೆ ಕತ್ತರಿಸಿದ ಸಿಗ್ನಲ್ಲನ್ನು ಮುಂದೆ ಯಾರೂ ರಿಪೇರಿ ಮಾಡಲಾರರು. ಹಂಬಕರ್ ಪಿಕಪ್ ಇರುವ ಗಿಟಾರ್‌ಗಳು ಸಿಂಗಲ್ ಕಾಯ್ಲ್‌ಗಿಂತ ಸಾಮಾನ್ಯವಾಗಿ ಜೋರು, ಆದ್ದರಿಂದ ಗಿಟಾರ್ ಬದಲಾಯಿಸಿದಾಗ ಇದನ್ನು ಮತ್ತೆ ನೋಡಿಕೊಳ್ಳಿ. ಇನ್‌ಪುಟ್ ಇಂಪಿಡೆನ್ಸ್ ಬದಲಿಸುವ ಸೌಲಭ್ಯ ಇದ್ದರೆ 1 ಮೆಗಾಓಮ್ ಮೇಲೆ ಇಟ್ಟು ಮರೆತುಬಿಡಿ.

ಹಂತ 4: ಖಾಲಿ ಪ್ಯಾಚ್, ಜೊತೆಗೆ ಲೂಪರ್

ಕಂಪನಿಯ ಪ್ರೀಸೆಟ್‌ಗಳು ಒಬ್ಬರೇ ಕೂತು ಕೇಳಿದಾಗ ಬೆರಗು ಹುಟ್ಟಿಸಲೆಂದು ಮಾಡಿದವು. ರಿವರ್ಬ್ ಧಾರಾಳ, ಬಾಸ್ ಧಾರಾಳ, ಎಲ್ಲವೂ ಧಾರಾಳ. ಅವನ್ನು ತಿದ್ದುತ್ತಾ ಕೂರುವುದಕ್ಕಿಂತ ಖಾಲಿ ಪ್ಯಾಚ್‌ನಿಂದ ಕಟ್ಟುವುದು ಬೇಗ.

ಮೊದಲು ಆಂಪ್ ಮತ್ತು ಕ್ಯಾಬ್ ಎರಡೇ ಬ್ಲಾಕ್ ಇಡಿ. ಆಂಪಿನ ಬಾಸ್, ಮಿಡ್, ಟ್ರೆಬಲ್ ಎಲ್ಲವೂ ನಡುಮಧ್ಯೆ. ಗೇನ್ ನಿಮಗೆ ಬೇಕು ಅನ್ನಿಸುವುದಕ್ಕಿಂತ ಸ್ವಲ್ಪ ಕಡಿಮೆ. ಗೇನ್ ಹೆಚ್ಚಾದಷ್ಟೂ ಸಿಗ್ನಲ್ ಚಪ್ಪಟೆಯಾಗುತ್ತದೆ, ಬೆರಳಿನ ಮೆಲ್ಲಗೆ ಜೋರಿನ ವ್ಯತ್ಯಾಸ ಅಳಿಸಿಹೋಗುತ್ತದೆ, ಬ್ಯಾಂಡ್ ಮಧ್ಯೆ ಗಿಟಾರ್ ಹಿಂದೆ ಸರಿಯುತ್ತದೆ. ಒಬ್ಬರೇ ನುಡಿಸುವಾಗ ಒಣಗಿದಂತೆ ಕೇಳಿಸುವ ಗೇನ್, ಬಾಸ್ ಗಿಟಾರ್ ಜೊತೆ ಸೇರಿದಾಗ ಸರಿಯಾಗಿರುತ್ತದೆ.

ಈಗ ನನ್ನ ಅತಿ ಪ್ರೀತಿಯ ಉಪಾಯ. ಪೆಡಲಿನಲ್ಲಿ ಲೂಪರ್ ಇದ್ದು, ಅದರ ಜಾಗ ಬದಲಿಸಬಹುದಾದರೆ, ಅದನ್ನು ಸರಣಿಯ ಎಲ್ಲಕ್ಕಿಂತ ಮೊದಲು ತಂದಿಡಿ. ನೀವು ನಿಜವಾಗಿ ನುಡಿಸುವ ಒಂದು ತುಣುಕು, ಸ್ವಲ್ಪ ಕಾರ್ಡ್, ಸ್ವಲ್ಪ ಒಂಟಿ ಸ್ವರ, ರೆಕಾರ್ಡ್ ಮಾಡಿ ಸುತ್ತಲು ಬಿಡಿ. ಗಿಟಾರ್ ಕೆಳಗಿಡಿ. ಲೂಪರ್ ನೆನಪಿಟ್ಟಿರುವುದು ಎಫೆಕ್ಟ್ ಸೇರದ ಹಸಿ ಸಿಗ್ನಲ್, ಹಾಗಾಗಿ ನೀವು ಮುಂದೆ ಆಂಪ್ ಬದಲಿಸಿದರೂ ಕ್ಯಾಬ್ ಬದಲಿಸಿದರೂ ಅದೇ ನುಡಿಸಾಣಿಕೆ ಹೊಸ ಧ್ವನಿಯಲ್ಲಿ ಕೇಳುತ್ತದೆ. ಎರಡೂ ಕೈ ಖಾಲಿ, ಕಿವಿ ಮಾತ್ರ ಕೆಲಸದಲ್ಲಿ. ಕೋಣೆಯ ಇನ್ನೊಂದು ಮೂಲೆಗೆ ಹೋಗಿ ನಿಂತು ಕೇಳಬಹುದು. ನುಡಿಸುತ್ತಾ ನಾಬ್ ತಿರುಗಿಸುವಾಗ ನಾವು ಗೊತ್ತಿಲ್ಲದೆಯೇ ಕೈಯ ಒತ್ತಡ ಬದಲಿಸಿ ಧ್ವನಿಯನ್ನು ಸರಿದೂಗಿಸುತ್ತಿರುತ್ತೇವೆ. ಲೂಪರ್ ಆ ಮೋಸಕ್ಕೆ ಆಸ್ಪದ ಕೊಡುವುದಿಲ್ಲ.

ಕ್ಯಾಬ್ ಮೇಲೆ ಸಮಯ ಕಳೆಯಿರಿ

ಆಂಪ್ ಮಾಡೆಲ್‌ಗಳನ್ನು ಅರ್ಧ ಗಂಟೆ ಬದಲಿಸುವವರು ಕ್ಯಾಬ್ ಬ್ಲಾಕ್ ತೆರೆದೇ ಇರುವುದಿಲ್ಲ. ಧ್ವನಿಯನ್ನು ಹೆಚ್ಚು ಬದಲಿಸುವುದು ಮಾತ್ರ ಕ್ಯಾಬೇ. ಮೈಕ್ ಸ್ಪೀಕರಿನ ನಟ್ಟನಡುವೆ ಇದ್ದರೆ ಧ್ವನಿ ಮೊನಚು, ಅಂಚಿನ ಕಡೆ ಸರಿಸಿದಷ್ಟೂ ಮೆದು. ದೂರ ಸರಿಸಿದರೆ ಬಾಸ್ ಇಳಿದು ಕೋಣೆಯ ಗಾಳಿ ಸೇರುತ್ತದೆ. ನಿಜವಾದ ಸ್ಟುಡಿಯೋಗಳಲ್ಲಿ ಗಿಟಾರ್ ಸ್ಪೀಕರ್ ಮುಂದೆ ನಿಲ್ಲಿಸುವ ಶೂರ್ ಎಸ್‌ಎಂ57 ಮೈಕ್ 1965ರಿಂದ ಇದೆ. ಹೆಚ್ಚಿನ ಪೆಡಲ್‌ಗಳ ಮೈಕ್ ಪಟ್ಟಿಯಲ್ಲಿ ಅದರ ಹೆಸರೋ ಅದನ್ನು ಹೋಲುವ ಹೆಸರೋ ಸಿಗುತ್ತದೆ. ಶುರು ಮಾಡಲು ಅದೇ ಸಾಕು.

ನಿಮ್ಮ ಪೆಡಲ್ ಐಆರ್ (ಇಂಪಲ್ಸ್ ರೆಸ್ಪಾನ್ಸ್) ಫೈಲುಗಳನ್ನು ತೆಗೆದುಕೊಳ್ಳುವುದಾದರೆ, ಅವು ಒಂದು ನಿಜವಾದ ಕ್ಯಾಬಿನೆಟ್ ಮತ್ತು ಮೈಕ್ ಜೋಡಿಯ ಧ್ವನಿಮುದ್ರೆಗಳು. ಚಿಕ್ಕ ವೇವ್ ಫೈಲುಗಳು, 48 ಕಿಲೋಹರ್ಟ್ಜ್‌ನಲ್ಲಿ 1024 ಸ್ಯಾಂಪಲ್ ಅಂದರೆ ಸುಮಾರು 21 ಮಿಲಿಸೆಕೆಂಡ್ ಮಾತ್ರ. ಸಾವಿರ ಐಆರ್ ಇಳಿಸಿಕೊಂಡು ಕಳೆದುಹೋಗುವ ಬದಲು ಐದಾರನ್ನು ಲೂಪರ್ ಜೊತೆ ಕೇಳಿ, ಎರಡು ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸಿ.

ಕೊನೆಗೆ ಕ್ಯಾಬ್ ಬ್ಲಾಕ್‌ನ ಲೋ ಕಟ್ 80 ರಿಂದ 100 ಹರ್ಟ್ಜ್ ನಡುವೆ, ಹೈ ಕಟ್ 6 ರಿಂದ 8 ಕಿಲೋಹರ್ಟ್ಜ್ ನಡುವೆ ಇಡಿ. ಮಾಮೂಲಿ ಶ್ರುತಿಯಲ್ಲಿ ಗಿಟಾರಿನ ಅತಿ ಕೆಳಗಿನ ಸ್ವರದ 'E' ತಂತಿಯ ಸ್ವರ 82 ಹರ್ಟ್ಜ್ ಆಸುಪಾಸಿನದು. ಅದಕ್ಕಿಂತ ಕೆಳಗಿರುವುದು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನ ಜಾಗ, ಅಲ್ಲಿ ನಿಮ್ಮ ಗಿಟಾರ್ ಕೊಡುವುದು ಗುಡುಗುಡು ಮಾತ್ರ. ಇವೆರಡು ಕಟ್‌ಗಳಷ್ಟರಿಂದಲೇ 'ಡಿಜಿಟಲ್' ಎಂದು ಬೈಸಿಕೊಳ್ಳುವ ಗುಣ ಮುಕ್ಕಾಲು ಪಾಲು ಹೋಗುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಹಂತ 5: ಸರಣಿಯ ಕ್ರಮ

ರೂಢಿಯ ಕ್ರಮ ಇದು: ವಾ, ಕಂಪ್ರೆಸರ್, ಓವರ್‌ಡ್ರೈವ್ ಅಥವಾ ಡಿಸ್ಟಾರ್ಷನ್, ಆಂಪ್, ಕ್ಯಾಬ್, ಈಕ್ಯೂ (ಬಾಸ್, ಮಿಡ್, ಟ್ರೆಬಲ್ ಏರಿಸಿ ಇಳಿಸುವ ಬ್ಲಾಕ್), ಕೋರಸ್ ಮುಂತಾದ ಮಾಡ್ಯುಲೇಷನ್, ಡಿಲೇ, ರಿವರ್ಬ್. ಇದರ ಹಿಂದಿನ ತರ್ಕ ಸಹಜ ಲೋಕದ್ದೇ. ಸ್ವರ ಹುಟ್ಟುತ್ತದೆ, ಆಂಪ್ ಅದನ್ನು ಒಡೆದು ಹಿಗ್ಗಿಸುತ್ತದೆ, ಆಮೇಲೆ ಕೋಣೆಯ ಗೋಡೆಗೆ ಬಡಿದು ಪ್ರತಿಧ್ವನಿಸುತ್ತದೆ. ರಿವರ್ಬ್ ಅನ್ನು ಡಿಸ್ಟಾರ್ಷನ್‌ಗಿಂತ ಮೊದಲಿಟ್ಟರೆ ಪ್ರತಿಧ್ವನಿಯೇ ಒಡೆಯುತ್ತದೆ, ಸ್ವರಗಳೆಲ್ಲ ಕಲಸಿಹೋಗುತ್ತವೆ. ಕೆಲವರು ಆ ಕಲಸನ್ನೇ ಬೇಕೆಂದು ಮಾಡುತ್ತಾರೆ, ಅದು ಬೇರೆ ಮಾತು.

ಫೇಸರ್ ಒಂದನ್ನು ಎರಡೂ ಜಾಗದಲ್ಲಿ ಇಟ್ಟು ನೋಡಿ. ಡ್ರೈವ್‌ಗಿಂತ ಮೊದಲಿದ್ದರೆ ಅಲೆ ಮೆಲ್ಲಗೆ, ಧ್ವನಿಯೊಳಗೇ ಬೆರೆತಂತೆ. ನಂತರ ಇದ್ದರೆ ಎದ್ದು ಕಾಣುತ್ತದೆ. ವಾಲ್ಯೂಮ್ ಪೆಡಲ್ ಕೂಡ ಹಾಗೆಯೇ: ಆಂಪಿಗಿಂತ ಮೊದಲಿದ್ದರೆ ಗಿಟಾರಿನ ವಾಲ್ಯೂಮ್ ನಾಬಿನಂತೆ ಗೇನ್ ಇಳಿಸುತ್ತದೆ, ಆಂಪ್ ನಂತರ ಡಿಲೇಗಿಂತ ಮೊದಲಿದ್ದರೆ ಧ್ವನಿಯ ಗುಣ ಬದಲಿಸದೆ ಸದ್ದನ್ನಷ್ಟೇ ಇಳಿಸುತ್ತದೆ, ಪ್ರತಿಧ್ವನಿಯ ಬಾಲವನ್ನು ಕತ್ತರಿಸುವುದಿಲ್ಲ.

ಹಂತ 6: ಒಂದೊಂದಾಗಿ ಎಫೆಕ್ಟುಗಳು

ಓವರ್‌ಡ್ರೈವ್. ಇದನ್ನು ಆಗಲೇ ಗೇನ್ ಇರುವ ಆಂಪ್ ಮಾಡೆಲ್‌ಗಿಂತ ಮೊದಲು ಇಡುವಾಗ ಡ್ರೈವ್ ನಾಬ್ ಬಹುತೇಕ ಸೊನ್ನೆ, ಲೆವೆಲ್ ನಾಬ್ ಮುಕ್ಕಾಲಿಗಿಂತ ಮೇಲೆ. ಇಲ್ಲಿ ಅದರ ಕೆಲಸ ಒಡೆಯುವುದಲ್ಲ, ಆಂಪನ್ನು ತಳ್ಳುವುದು. ಹಸಿರು ಡಬ್ಬಿಯ ಟ್ಯೂಬ್ ಸ್ಕ್ರೀಮರ್ ಬಗೆಯ ಮಾಡೆಲ್‌ಗಳು ಬಾಸ್ ತೆಳುವಾಗಿಸಿ ಮಿಡ್ ಎತ್ತುತ್ತವೆ, ಆದ್ದರಿಂದ ದಪ್ಪ ರಿಫ್‌ಗಳು ಬಿಗಿಯಾಗುತ್ತವೆ.

ಕಂಪ್ರೆಸರ್. ಕ್ಲೀನ್ ಧ್ವನಿಗೆ ಬೇಕು, ಡಿಸ್ಟಾರ್ಷನ್‌ಗೆ ಅಷ್ಟು ಬೇಡ. ಡಿಸ್ಟಾರ್ಷನ್ ತಾನೇ ಕಂಪ್ರೆಸ್ ಮಾಡುತ್ತದೆ.

ಕೋರಸ್, ಫ್ಲ್ಯಾಂಜರ್. ಡೆಪ್ತ್ ಕಡಿಮೆ, ಮಿಕ್ಸ್ ಕಡಿಮೆ. ಅಷ್ಟೇ.

ಡಿಲೇ. ಇಲ್ಲಿ ನಿಲ್ಲೋಣ, ಏಕೆಂದರೆ ಹೆಚ್ಚಿನವರು ಡಿಲೇಯನ್ನು ಅಂದಾಜಿನ ಮೇಲೆ ಬಿಡುತ್ತಾರೆ. ಹಾಡಿನ ಲಯಕ್ಕೆ ಕೂರದ ಡಿಲೇ ಗಿಟಾರನ್ನು ತಾಳ ತಪ್ಪಿದವರಂತೆ ತೋರಿಸುತ್ತದೆ. ಲೆಕ್ಕ ಸುಲಭ: 60000 ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಬರುವ ಬೀಟ್‌ಗಳ ಸಂಖ್ಯೆ) ಭಾಗಿಸಿ. ಬರುವುದು ಒಂದು ಬೀಟ್‌ನ ಮಿಲಿಸೆಕೆಂಡ್. 120 ಬಿಪಿಎಂ ಹಾಡಿಗೆ 500. ಅದರ ಅರ್ಧ 250, ಎಂಟನೇ ನೋಟ್. ಮುಕ್ಕಾಲು ಪಾಲು 375, ಡಾಟೆಡ್ ಎಂಟನೇ ನೋಟ್. ಈ ಡಾಟೆಡ್ ಡಿಲೇಯಲ್ಲೇ ಮಜಾ ಇರುವುದು: ನೀವು ಸಮನಾಗಿ ಎಂಟನೇ ನೋಟ್‌ಗಳನ್ನು ಮೀಟುತ್ತಾ ಹೋದರೆ ಪ್ರತಿಧ್ವನಿ ಅವುಗಳ ಸಂದಿಯಲ್ಲಿ ಬಂದು ಕೂತು, ಎರಡರಷ್ಟು ವೇಗದಲ್ಲಿ ನುಡಿಸುತ್ತಿದ್ದೀರಿ ಎನ್ನಿಸುತ್ತದೆ. 100 ಬಿಪಿಎಂ ಆದರೆ ಅಂಕಿಗಳು 600, 300, 450. ಟ್ಯಾಪ್ ಟೆಂಪೋ ಇದ್ದರೆ ಲೆಕ್ಕವೂ ಬೇಡ, ಹಾಡಿನ ಬೀಟಿಗೆ ಕಾಲಲ್ಲಿ ಒತ್ತಿದರೆ ಸಾಕು. ಆದರೆ ಡಿಲೇ ಬ್ಲಾಕ್‌ನಲ್ಲಿ ಸಮಯವನ್ನು ಮಿಲಿಸೆಕೆಂಡ್ ಬದಲು ನೋಟ್ ಚಿಹ್ನೆಗೆ ಮೊದಲೇ ಬದಲಿಸಿರಬೇಕು, ಇಲ್ಲವಾದರೆ ಎಷ್ಟು ಒತ್ತಿದರೂ ಏನೂ ಆಗದು. ಫೀಡ್‌ಬ್ಯಾಕ್ 25ರಿಂದ 35 ಪ್ರತಿಶತ, ಮಿಕ್ಸ್ 20ರ ಆಸುಪಾಸು ಇಟ್ಟು ಶುರು ಮಾಡಿ. ಡಿಲೇಯ ಹೈ ಕಟ್ 3 ಅಥವಾ 4 ಕಿಲೋಹರ್ಟ್ಜ್‌ಗೆ ಇಳಿಸಿದರೆ ಪ್ರತಿಧ್ವನಿ ಮಸುಕಾಗಿ ಹಿಂದೆ ನಿಲ್ಲುತ್ತದೆ, ಮೂಲ ಸ್ವರದ ಜೊತೆ ಗುದ್ದಾಡುವುದಿಲ್ಲ.

ರಿವರ್ಬ್. ಪ್ರೀ ಡಿಲೇ ಎಂಬ ಮರೆತುಹೋದ ನಾಬ್ ಒಂದಿದೆ. ಅದನ್ನು 20ರಿಂದ 40 ಮಿಲಿಸೆಕೆಂಡಿಗೆ ಇಟ್ಟರೆ ಮೀಟಿದ ಸ್ವರ ಮೊದಲು ಸ್ಪಷ್ಟವಾಗಿ ಕೇಳಿ, ಆಮೇಲೆ ರಿವರ್ಬ್ ಏಳುತ್ತದೆ. ಮಿಕ್ಸ್ ಎಷ್ಟಿರಬೇಕು ಎಂಬುದಕ್ಕೆ ನನ್ನ ಅಳತೆ: ಇದೆ ಎಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ಆಫ್ ಮಾಡಿದಾಗ ಏನೋ ಕಳೆದುಹೋಯಿತು ಅನ್ನಿಸಿದರೆ ಸರಿಯಾಗಿದೆ. ವೇದಿಕೆಯಲ್ಲಿ ಹಾಲ್‌ನದೇ ಪ್ರತಿಧ್ವನಿ ಇರುತ್ತದೆ, ಅಲ್ಲಿ ಇನ್ನೂ ಅರ್ಧ ಮಾಡಿ.

ನಾಯ್ಸ್ ಗೇಟ್. ತಂತಿಗಳ ಮೇಲೆ ಕೈಯಿಟ್ಟು ಸುಮ್ಮನಿರಿ. ಥ್ರೆಶೋಲ್ಡ್ ಅನ್ನು ಸೊನ್ನೆಯಿಂದ ಏರಿಸುತ್ತಾ 'ಸ್ಸ್' ಸದ್ದು ನಿಂತ ಕೂಡಲೇ ಕೈ ತೆಗೆಯಿರಿ. ಈಗ ಒಂದು ಸ್ವರ ಮೀಟಿ ತಾನಾಗಿ ಸಾಯಲು ಬಿಡಿ. ಬಾಲ ತಟ್ಟನೆ ಕತ್ತರಿಸಿದರೆ ಗೇಟ್ ಹೆಚ್ಚಾಗಿದೆ. ಗೇಟ್ ಡಿಲೇ ಮತ್ತು ರಿವರ್ಬ್‌ಗಿಂತ ಮೊದಲೇ ಇರಲಿ. ಸಿಂಗಲ್ ಕಾಯ್ಲ್ ಗಿಟಾರಿನ 50 ಅಥವಾ 60 ಹರ್ಟ್ಜ್ ಹಮ್ ಗೇಟ್‌ನಿಂದ ವಾಸಿಯಾಗುವ ಕಾಯಿಲೆಯಲ್ಲ. ಅದು ಸುತ್ತಲಿನ ವಿದ್ಯುತ್ ಸಾಲಿನಿಂದ ಬರುವುದು. ನಿಂತಲ್ಲೇ ಸ್ವಲ್ಪ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ಅದು ತಗ್ಗುತ್ತದೆ.

ಹಂತ 7: ಜೋರಾದ ಸದ್ದಿನಲ್ಲಿ ಮತ್ತೊಮ್ಮೆ

ರಾತ್ರಿ ಮೆಲ್ಲಗೆ ಇಟ್ಟುಕೊಂಡು ಮಾಡಿದ ಧ್ವನಿ ವೇದಿಕೆಯಲ್ಲಿ ಯಾಕೆ ಕೆಡುತ್ತದೆ? ತಪ್ಪು ಕಿವಿಯದು, ಯಂತ್ರದ್ದಲ್ಲ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ಬಾಸ್ ಮತ್ತು ಅತಿ ಟ್ರೆಬಲ್ ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಮಲಗುವ ಕೋಣೆಯಲ್ಲಿ ಕೊರತೆ ತುಂಬಲು ನಾವು ಬಾಸ್, ಟ್ರೆಬಲ್ ಏರಿಸಿ ಮಿಡ್ ಇಳಿಸುತ್ತೇವೆ. ಜೋರು ಮಾಡಿದಾಗ ಆ ಬಾಸ್ ಗುಮ್ಮೆನ್ನುತ್ತದೆ, ಟ್ರೆಬಲ್ ಕಿವಿ ಚುಚ್ಚುತ್ತದೆ, ಗಿಟಾರಿಗೆ ಜೀವ ಕೊಡುವ ಮಿಡ್ ಮಾತ್ರ ಎಲ್ಲೂ ಇಲ್ಲ. ಆದ್ದರಿಂದ ಪ್ಯಾಚ್‌ಗಳನ್ನು ಒಮ್ಮೆಯಾದರೂ ತಾಲೀಮಿನ ಸದ್ದಿನಲ್ಲಿ, ಬ್ಯಾಂಡ್ ನುಡಿಯುತ್ತಿರುವಾಗಲೇ ತಿದ್ದಿ. ಬ್ಯಾಂಡ್ ಸಿಗದಿದ್ದರೆ ಗಿಟಾರ್ ಇಲ್ಲದ ಯಾವುದಾದರೂ ಬ್ಯಾಕಿಂಗ್ ಟ್ರ್ಯಾಕ್ ಜೊತೆ.

ಒಂದು ಹಾಲ್‌ನಲ್ಲಿ ಮಾತ್ರ ಬಾಸ್ ಹೆಚ್ಚಾಯಿತೆಂದು ಎಲ್ಲ ಪ್ಯಾಚ್ ತಿದ್ದಬೇಡಿ. ಗ್ಲೋಬಲ್ ಈಕ್ಯೂ ಇರುವುದೇ ಅದಕ್ಕೆ. ಅಲ್ಲಿ ಇಳಿಸಿ, ಕಾರ್ಯಕ್ರಮ ಮುಗಿದ ಮೇಲೆ ಮರೆಯದೆ ಸೊನ್ನೆಗೆ ತನ್ನಿ. ಮರೆತು, ಮನೆಗೆ ಬಂದು "ಧ್ವನಿಗೇನಾಯ್ತು" ಎಂದು ಎರಡು ದಿನ ಹುಡುಕಿದ ಅನುಭವ ನನಗಿದೆ.

ಹಂತ 8: ಪ್ಯಾಚ್‌ಗಳ ಸದ್ದು ಸಮ ಮಾಡುವುದು

ಕ್ಲೀನ್‌ನಿಂದ ಡಿಸ್ಟಾರ್ಷನ್‌ಗೆ ಹಾರಿದಾಗ ಜನ ಬೆಚ್ಚಿಬೀಳಬಾರದು, ಸೋಲೋಗೆ ಹಾರಿದಾಗ ಗಿಟಾರ್ ಮಾಯವಾಗಲೂಬಾರದು. ಮೊದಲು ಕ್ಲೀನ್ ಪ್ಯಾಚ್‌ನ ಸದ್ದು ಗೊತ್ತು ಮಾಡಿಕೊಳ್ಳಿ, ಏಕೆಂದರೆ ಅದಕ್ಕೆ ಏರಲು ಜಾಗ ಕಡಿಮೆ. ಕ್ಲೀನ್ ಸಿಗ್ನಲ್‌ನ ಶಿಖರಗಳು ಎತ್ತರ, ಬೇಗ ಕ್ಲಿಪ್ ಆಗುತ್ತದೆ. ಮಿಕ್ಕೆಲ್ಲ ಪ್ಯಾಚ್‌ಗಳನ್ನು ಅದಕ್ಕೆ ಹೊಂದಿಸಿ ಇಳಿಸಿ. ಮೀಟರ್ ನೋಡಿ ಸಮ ಮಾಡಬೇಡಿ. ಒಂದೇ ಮೀಟರ್ ಅಂಕಿಯಲ್ಲಿ ಡಿಸ್ಟಾರ್ಷನ್ ಕಿವಿಗೆ ಜೋರಾಗಿಯೇ ಕೇಳುತ್ತದೆ. ಹೊಂದಿಸಲು ಆಂಪ್ ಬ್ಲಾಕ್‌ನ ಗೇನ್ ಅಲ್ಲ, ಪ್ಯಾಚ್ ಲೆವೆಲ್ ಅಥವಾ ಆಂಪಿನ ಚಾನೆಲ್ ವಾಲ್ಯೂಮ್ ಬಳಸಿ. ಇವು ಧ್ವನಿಯ ಗುಣ ಮುಟ್ಟುವುದಿಲ್ಲ.

ಸೋಲೋಗೆ ಆಂಪ್ ನಂತರ ಒಂದು ಈಕ್ಯೂ ಬ್ಲಾಕ್: 3ರಿಂದ 4 ಡೆಸಿಬಲ್ ಲೆವೆಲ್ ಏರಿಕೆ, 1 ಕಿಲೋಹರ್ಟ್ಜ್ ಸುತ್ತ ಸಣ್ಣ ಉಬ್ಬು. ಬೂಸ್ಟ್ ಅನ್ನು ಗೇನ್ ತುಂಬಿದ ಆಂಪಿಗಿಂತ ಮೊದಲಿಟ್ಟರೆ ಸದ್ದು ಏರುವುದಿಲ್ಲ, ಇನ್ನಷ್ಟು ಒಡೆಯುತ್ತದೆ ಅಷ್ಟೇ. ಈ ಒಂದು ತಪ್ಪಿನಿಂದ ಎಷ್ಟು ಸೋಲೋಗಳು ಯಾರಿಗೂ ಕೇಳಿಸದೆ ಹೋಗಿವೆಯೋ.

ಹಂತ 9: ಕಾಲಿಗೆ ಒಗ್ಗುವ ವ್ಯವಸ್ಥೆ

ಹಾಡಿಗೊಂದು ಪ್ಯಾಚ್ ಮಾಡುವ ಆಸೆ ಮೊದಲು ಎಲ್ಲರಿಗೂ ಬರುತ್ತದೆ. ಮೂವತ್ತು ಹಾಡಾದಾಗ ಮೂವತ್ತು ಪ್ಯಾಚ್‌ಗಳಲ್ಲಿ ರಿವರ್ಬ್ ತಿದ್ದುವ ಶಿಕ್ಷೆಯೂ ಜೊತೆಗೇ ಬರುತ್ತದೆ. ನನಗೆ ಒಗ್ಗಿದ್ದು ಒಂದೇ ಮುಖ್ಯ ಪ್ಯಾಚ್. ಅದರೊಳಗೆ ಸ್ಟಾಂಪ್ ಮೋಡ್‌ನಲ್ಲಿ ಡ್ರೈವ್, ಬೂಸ್ಟ್, ಕೋರಸ್, ಡಿಲೇ ಒಂದೊಂದು ಸ್ವಿಚ್‌ಗೆ. ಬಿಡಿ ಪೆಡಲ್‌ಗಳ ಬೋರ್ಡಿನಂತೆಯೇ.

ಒಂದೇ ಒತ್ತಿಗೆ ಹಲವು ಬದಲಾವಣೆ ಬೇಕಾದರೆ ಸೀನ್ ಅಥವಾ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯ ನೋಡಿ. ಪ್ಯಾಚ್ ಬದಲಿಸಿದಾಗ ಅನೇಕ ಯಂತ್ರಗಳಲ್ಲಿ ಕ್ಷಣಕಾಲ ಸದ್ದು ಕಡಿದುಹೋಗುತ್ತದೆ. ಸೀನ್ ಬದಲಾದಾಗ ಹಾಗಾಗುವುದಿಲ್ಲ, ಏಕೆಂದರೆ ಬ್ಲಾಕ್‌ಗಳು ಅವೇ, ಆನ್ ಆಫ್ ಮತ್ತು ನಾಬ್‌ಗಳ ಸ್ಥಾನ ಮಾತ್ರ ಬೇರೆ. ಡಿಲೇ, ರಿವರ್ಬ್‌ಗಳಿಗೆ 'ಟ್ರೇಲ್ಸ್' ಆನ್ ಇರಲಿ. ಆಗ ಎಫೆಕ್ಟ್ ಆಫ್ ಮಾಡಿದರೂ ಕೊನೆಯ ಪ್ರತಿಧ್ವನಿ ತಾನಾಗಿ ಅಡಗುತ್ತದೆ.

ಸ್ವಿಚ್‌ಗಳ ಜಾಗ ಎಲ್ಲ ಪ್ಯಾಚ್‌ಗಳಲ್ಲೂ ಒಂದೇ ಇರಲಿ. ಬೂಸ್ಟ್ ಬಲತುದಿಯಲ್ಲಿದ್ದರೆ ಎಲ್ಲೆಲ್ಲೂ ಬಲತುದಿಯಲ್ಲೇ. ಕತ್ತಲ ವೇದಿಕೆಯಲ್ಲಿ ಓದುವುದು ಕಣ್ಣಲ್ಲ, ಕಾಲು. ಚಪ್ಪಲಿಯಲ್ಲಿ ಅಭ್ಯಾಸ ಮಾಡಿ ಶೂ ಹಾಕಿಕೊಂಡು ವೇದಿಕೆ ಹತ್ತಿದರೆ ಎರಡು ಸ್ವಿಚ್ ಒಟ್ಟಿಗೆ ತುಳಿಯುತ್ತೀರಿ, ಇದನ್ನೂ ಅನುಭವದಿಂದಲೇ ಹೇಳುತ್ತಿದ್ದೇನೆ.

ಎಕ್ಸ್‌ಪ್ರೆಷನ್ ಪೆಡಲ್ ಇದ್ದರೆ ಮೊದಲು ಕ್ಯಾಲಿಬ್ರೇಟ್ ಮಾಡಿ, ಹಿಮ್ಮಡಿ ಪೂರ್ತಿ, ಮುಂಗಾಲು ಪೂರ್ತಿ. ವಾ ಮತ್ತು ವಾಲ್ಯೂಮ್ ಎಲ್ಲರೂ ಮಾಡುತ್ತಾರೆ. ಡಿಲೇಯ ಮಿಕ್ಸ್ ಮತ್ತು ಫೀಡ್‌ಬ್ಯಾಕ್ ಎರಡನ್ನೂ ಒಟ್ಟಿಗೆ ಅದಕ್ಕೆ ಕಟ್ಟಿ ನೋಡಿ: ಮಿಕ್ಸ್ 10ರಿಂದ 35, ಫೀಡ್‌ಬ್ಯಾಕ್ 20ರಿಂದ 60. ಸೋಲೋದ ಕೊನೆಯ ಸ್ವರದ ಮೇಲೆ ಕಾಲು ಒತ್ತಿದರೆ ಅದು ಆಕಾಶಕ್ಕೆ ಹರಡಿಕೊಳ್ಳುತ್ತದೆ. ಸಿಗುವ ಸುಖಗಳಲ್ಲಿ ಇದು ದೊಡ್ಡದು.

ಹಂತ 10: ಕಂಪ್ಯೂಟರ್ ಜೊತೆ

ಯುಎಸ್‌ಬಿ ಆಡಿಯೋ ಇರುವ ಪೆಡಲ್ ಆದರೆ ಅದೇ ನಿಮ್ಮ ರೆಕಾರ್ಡಿಂಗ್ ಇಂಟರ್‌ಫೇಸ್. ಸಾಧ್ಯವಿದ್ದರೆ ಎರಡು ಟ್ರ್ಯಾಕ್ ತೆಗೆದುಕೊಳ್ಳಿ: ಒಂದರಲ್ಲಿ ಎಫೆಕ್ಟ್ ಸೇರಿದ ಧ್ವನಿ, ಇನ್ನೊಂದರಲ್ಲಿ ಹಸಿ ಗಿಟಾರ್. ನಾಳೆ ಧ್ವನಿ ಹಿಡಿಸದಿದ್ದರೆ ಹಸಿ ಟ್ರ್ಯಾಕನ್ನು ಪೆಡಲಿಗೆ ವಾಪಸ್ ಕಳಿಸಿ ಹೊಸ ಪ್ಯಾಚ್‌ನಲ್ಲಿ ತೆಗೆಯಬಹುದು, ಮತ್ತೆ ನುಡಿಸಬೇಕಿಲ್ಲ. ಲೇಟೆನ್ಸಿ, ಅಂದರೆ ಮೀಟಿದ್ದು ತಡವಾಗಿ ಕೇಳುವುದು, ಕಾಡಿದರೆ ಸಾಫ್ಟ್‌ವೇರ್‌ನ ಬಫರ್ ಇಳಿಸಿ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್. ಹೋಲಿಕೆಗೆ ಹೇಳುವುದಾದರೆ, ಗಾಳಿಯಲ್ಲಿ ಸದ್ದು 1 ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಪೆಡಲಿನಿಂದಲೇ ನೇರವಾಗಿ ಕೇಳಿಕೊಂಡು, ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರಿಂಗ್ ಆಫ್ ಇಟ್ಟರೆ ಈ ಲೆಕ್ಕವೇ ಬೇಡ. ಎರಡೂ ಆನ್ ಇದ್ದರೆ ಪ್ರತಿ ಸ್ವರ ಎರಡೆರಡು ಸಲ ಕೇಳುತ್ತದೆ.

ಪ್ಯಾಚ್ ತಿದ್ದಲು ಕಂಪ್ಯೂಟರ್ ಎಡಿಟರ್ ಇದ್ದರೆ ಅದನ್ನೇ ಬಳಸಿ, ಬೆನ್ನು ಬಗ್ಗಿಸಿ ಚಿಕ್ಕ ಪರದೆಯಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ. ಅದೇ ಎಡಿಟರ್‌ನಿಂದ ಪ್ಯಾಚ್‌ಗಳ ಬ್ಯಾಕಪ್ ತೆಗೆದು ಫೈಲಿಗೆ ದಿನಾಂಕ ಹಾಕಿಡಿ. ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಮುನ್ನ ಬ್ಯಾಕಪ್ ಕಡ್ಡಾಯ, ಏಕೆಂದರೆ ಕೆಲವು ಅಪ್‌ಡೇಟ್‌ಗಳು ನಿಮ್ಮ ಪ್ಯಾಚ್‌ಗಳನ್ನೆಲ್ಲ ಅಳಿಸಿ ಕಂಪನಿಯ ಪ್ರೀಸೆಟ್‌ಗಳನ್ನು ವಾಪಸ್ ಕೂರಿಸುತ್ತವೆ. ಅಪ್‌ಡೇಟ್ ನಡೆಯುವಾಗ ಕೇಬಲ್ ಅಲುಗಿಸಬೇಡಿ, ಕರೆಂಟ್ ಹೋಗುವ ಹೊತ್ತಿನಲ್ಲಿ ಶುರು ಮಾಡಬೇಡಿ. ಕಾರ್ಯಕ್ರಮದ ಹಿಂದಿನ ರಾತ್ರಿಯಂತೂ ಬೇಡವೇ ಬೇಡ.